ಜೀನ್ ರಿಪೋರ್ಟ್ ಬಂದ ಮನೆಯಲ್ಲಿ

ಮಗು ದೊಡ್ಡವನಾದ ಮೇಲೆ ಹೊಡೆದಾಟ, ಕೊಲೆ ಅಂತ ಹೋಗ್ತಾನಾ ಎಂದು ಜೀನ್ ಟೆಸ್ಟ್ ಮಾಡಿ ಈಗಲೇ ತಿಳಿದುಕೊಂಡರೆ ಒಳ್ಳೇದಲ್ವಾ? ಎಂಜಿನಿಯರಿಂಗ್ ಓದುವವರಿಗೆ ಈ ಮಾತು ಥಟ್ಟನೆ ಹಿಡಿಸುತ್ತದೆ. ಸೇತುವೆ ಬೀಳುವ ಮೊದಲೇ ಬಿರುಕು ಹುಡುಕುವುದು ನಮ್ಮ ಕಸುಬು ತಾನೇ. ಆದರೆ ಮಕ್ಕಳಿಗೆ ಈ ಟೆಸ್ಟ್ ಬೇಡವೇ ಬೇಡ ಎನ್ನುತ್ತೇವೆ ನಾವು.

ಮೊದಲು ಲೆಕ್ಕ ನೋಡುವ. ಪತ್ರಿಕೆಗಳು ‘ಯೋಧರ ಜೀನ್’ ಎಂದು ಕರೆದದ್ದು ಎಂಎಒಎ ಎಂಬ ಜೀನಿನ ಒಂದು ರೂಪವನ್ನು. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಹುಟ್ಟಿನಿಂದ ಗಮನಿಸುತ್ತ ಬಂದ ಗಂಡುಮಕ್ಕಳ ಬಗ್ಗೆ 2002ರಲ್ಲಿ ಅಧ್ಯಯನವೊಂದು ಪ್ರಕಟವಾಯಿತು. ಸುಮಾರು ಮೂರರಲ್ಲಿ ಒಬ್ಬನಲ್ಲಿ ಈ ರೂಪ ಇತ್ತು. 60 ಹುಡುಗರ ಕ್ಲಾಸಿನಲ್ಲಿ ಅದೇ ಲೆಕ್ಕ ಹಿಡಿದರೆ 20 ಮಂದಿ. ಅಷ್ಟೂ ಜನ ರೌಡಿಗಳಾ? ಮುಂದೆ ಹಿಂಸೆಗಿಳಿದವರು ಹೆಚ್ಚಾಗಿ ಕಂಡದ್ದು ಈ ಜೀನ್ ಇದ್ದು, ಜೊತೆಗೆ ಬಾಲ್ಯದಲ್ಲಿ ಪೆಟ್ಟು, ಹಿಂಸೆ ತಿಂದವರಲ್ಲಿ. ಹಾಗಾದರೆ ಪರೀಕ್ಷಿಸಬೇಕಾದ್ದು ಮಗುವಿನ ಎಂಜಲನ್ನಾ, ಮನೆಯ ಬೆತ್ತವನ್ನಾ?

ರಿಪೋರ್ಟ್ ಮನೆಗೆ ಬಂದ ಮೇಲಿನ ಕಥೆ ಇನ್ನೂ ಕಷ್ಟ. ಈ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಗುವಿಗೆ ಅದು ಬರುವುದು ಅಮ್ಮನಿಂದ, ನಮ್ಮ ತುಳುನಾಡಿನಲ್ಲಿ ಬರಿ ಬಂದ ಹಾಗೆ. ಬರಿಯಾದರೆ ಹೆಮ್ಮೆ. ಇದಾದರೆ ‘ಎಲ್ಲ ನಿನ್ನ ಕಡೆಯ ರಕ್ತ’ ಎಂಬ ಮಾತು ಅಡುಗೆಮನೆಯಲ್ಲೇ ಶುರು. ರಿಮೋಟಿಗಾಗಿ ತಮ್ಮನ ಜೊತೆ ಕಿತ್ತಾಡಿದರೂ ಜೀನ್. ಅಕ್ಕನಿಗೆ ಸಂಬಂಧ ನೋಡಲು ಬಂದವರು ಜಾತಕದ ಜೊತೆ ತಮ್ಮನ ರಿಪೋರ್ಟೂ ಕೇಳಿಯಾರು. ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ 1968ರಿಂದ ನವಜಾತ ಗಂಡುಶಿಶುಗಳಲ್ಲಿ ಹೆಚ್ಚುವರಿ ವೈ ಕ್ರೋಮೋಸೋಮ್ ಹುಡುಕುತ್ತಿದ್ದರು. ಅದಿದ್ದವರು ಅಪರಾಧಿಗಳಾಗುತ್ತಾರೆಂಬ ನಂಬಿಕೆ ಆಗ ಜೋರಾಗಿತ್ತು. ಫಲಿತಾಂಶ ಗೊತ್ತಾದರೆ ಹೆತ್ತವರು ಮಗುವನ್ನು ನೋಡುವ ಕಣ್ಣೇ ಬದಲಾಗುತ್ತದೆ ಎಂಬ ಟೀಕೆ ಎದ್ದು, 1975ರಲ್ಲಿ ತಪಾಸಣೆ ನಿಂತಿತು.

ನಮ್ಮಲ್ಲಂತೂ ಲ್ಯಾಬ್ ಇಲ್ಲದೆಯೇ ಇದು ನಡೆದಿದೆ. 1871ರಲ್ಲಿ ಉತ್ತರ ಭಾರತದಲ್ಲಿ ಶುರುವಾಗಿ ಆಮೇಲೆ ಬೇರೆ ಕಡೆಗೂ ಹಬ್ಬಿದ ಅಪರಾಧಿ ಬುಡಕಟ್ಟುಗಳ ಕಾಯ್ದೆ, ಕೆಲವು ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿತು. 1897ರ ತಿದ್ದುಪಡಿ 4ರಿಂದ 18 ವರ್ಷದೊಳಗಿನ ಮಕ್ಕಳನ್ನು ಅಪ್ಪ ಅಮ್ಮನಿಂದ ಬೇರೆ ಮಾಡಿ ಇಡಲು ದಾರಿ ಮಾಡಿಕೊಟ್ಟಿತು. ಹುಬ್ಬಳ್ಳಿಯಲ್ಲೂ ಇಂಥ ಕುಟುಂಬಗಳನ್ನು ಇಡಲು ಸೆಟ್ಲ್‌ಮೆಂಟ್ ಇತ್ತು. 1952ರಲ್ಲಿ ಈ ಸಮುದಾಯಗಳು ಪಟ್ಟಿಯಿಂದ ಬಿಡುಗಡೆಯಾದವು. ಹುಬ್ಬಳ್ಳಿಯ ಜನರ ಬಾಯಲ್ಲಿ ಆ ಜಾಗ ಇವತ್ತಿಗೂ ‘ಸೆಟ್ಲ್‌ಮೆಂಟ್’.

ಮುಂದಿನ ಹ್ಯಾಕಥಾನಿಗೆ ಮಕ್ಕಳ ರಿಸ್ಕ್ ಸ್ಕೋರ್ ಹೇಳುವ ಆ್ಯಪ್ ಮಾಡುವ ಅಂತ ಯಾರಾದರೂ ಹೊರಟರೆ, ನಮ್ಮನ್ನು ಟೀಮಿಗೆ ಕರೀಬೇಡಿ ಮಾರಾಯ್ರೆ.