ಏರಿಯ ಜಿನುಗಿನ ಲೆಕ್ಕ ಜನರಿಗೆ ಬೇಡವೆ?

ಚಾಮರಾಜನಗರದಿಂದ ಪುಣಜನೂರಿನ ಮೇಲೆ ಸತ್ಯಮಂಗಲಕ್ಕೆ ಸರಕು ಸಾಗಿಸುವ ವ್ಯಾಪಾರಿಗಳಿಗೆ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳು ಹೊಸವಲ್ಲ. ಅವು ತುಂಬಿದ ವರ್ಷ ಬಾಗಿನದ ಸುದ್ದಿ, ದೊಡ್ಡವರ ಭಾವಚಿತ್ರ ಪತ್ರಿಕೆಗಳಲ್ಲಿ ಬರುತ್ತವೆ. ಆದರೆ ಅಷ್ಟು ನೀರನ್ನು ತಡೆದು ನಿಂತಿರುವ ಮಣ್ಣಿನ ಏರಿಯ ಯೋಗಕ್ಷೇಮವೇನೆಂದು ಕೇಳುವವರಿಲ್ಲ. ಈ ಏರಿಗಳನ್ನು ಕಟ್ಟಿ ದಶಕಗಳೇ ಕಳೆದಿವೆ. ಅವುಗಳ ನೀರನ್ನು ನಂಬಿ ಬದುಕುವ ನಮಗೆ ಕೇಳುವ ಹಕ್ಕಿದೆ.

ಇದು ರೈತರ ವಿಷಯ, ಗಿರಣಿಯವರಿಗೂ ಅಂಗಡಿಯವರಿಗೂ ಏನು ಸಂಬಂಧವೆಂದು ಯಾರೂ ಹೇಳಬಾರದು. ಕಾಲುವೆಗೆ ನೀರು ಬಂದರೆ ಭತ್ತ. ಭತ್ತ ಬಂದರೆ ಅಕ್ಕಿ ಗಿರಣಿಗೆ ಕೆಲಸ. ಕೂಲಿ ಕೈಗೆ ಬಂದರೆ ಸಂತೆಯಲ್ಲಿ ವ್ಯಾಪಾರ. 2022ರ ಮಳೆಗಾಲದಲ್ಲಿ ಜಲಾಶಯ ತುಂಬಿ ಹರಿದ ನೀರಿಗೇ ಯಳಂದೂರು ಕಡೆಯ ಹೊಲಗದ್ದೆಗಳು ಮುಳುಗಿದವು. ಕೋಡಿಯ ನೀರೇ ಅಷ್ಟು ಮಾಡಿದರೆ, ಏರಿಯೇ ಒಡೆದರೆ ಗತಿಯೇನು?

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ಮಣ್ಣಿನ ಏರಿ ಎಂದಮೇಲೆ ನೀರು ಜಿನುಗಿಯೇ ಜಿನುಗುತ್ತದೆ. ನಡುವಿನ ಜೇಡಿಮಣ್ಣಿನ ಗೋಡೆ ನೀರನ್ನು ತಡೆಯುತ್ತದೆ. ಅದನ್ನೂ ದಾಟಿ ಬಂದ ನೀರನ್ನು ಮರಳು ಜಲ್ಲಿಗಳ ಪದರ ಸೋಸಿ ಬುಡದ ಚರಂಡಿಗೆ ಬಿಡುತ್ತದೆ. ಆ ನೀರು ತಿಳಿಯಾಗಿದ್ದು, ಜಲಾಶಯದ ಮಟ್ಟಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾದರೆ ಗಾಬರಿ ಬೇಕಿಲ್ಲ. ನೀರು ಕದಡಿ ಬಂದರೆ, ಇಲ್ಲವೆ ಮಟ್ಟ ಏರದಿದ್ದರೂ ಹೆಚ್ಚುತ್ತ ಹೋದರೆ, ಏರಿಯ ಹೊಟ್ಟೆಯೊಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದೇ ಅರ್ಥ. ಹೆಗ್ಗಣದ ಬಿಲ, ಕೊಳೆತ ಮರದ ಬೇರು, ಹಳೆಯ ತೂಬಿನ ಪಕ್ಕದ ಸಂದು, ಇವೇ ಅದಕ್ಕೆ ದಾರಿ. ಆಗ ಹೊರಬದಿಗೆ ಜೇಡಿಮಣ್ಣು ಮೆತ್ತಿ ಬಾಯಿ ಮುಚ್ಚಿದರೆ ಒಳಗಿನ ಒತ್ತಡ ಹೆಚ್ಚಿ ನೀರು ಇನ್ನೊಂದೆಡೆ ನುಗ್ಗುತ್ತದೆ. ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹೇರಿ, ನೀರನ್ನು ಹೊರಬಿಟ್ಟು ಮಣ್ಣನ್ನು ಹಿಡಿದು ನಿಲ್ಲಿಸಬೇಕು. ಜಲಾಶಯದ ಮಟ್ಟವನ್ನೂ ಇಳಿಸಬೇಕು.

ಇದನ್ನು ಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಸಾಕ್ಷಿ. ಏರಿ ಸೋರುತ್ತಿದೆಯೆಂದು ಅಲ್ಲಿನ ಹಳ್ಳಿಯವರು ಮೊದಲೇ ದೂರಿದ್ದರು. 2019ರ ಜುಲೈ 2ರ ರಾತ್ರಿ ಅದು ಒಡೆಯಿತು. ಸುಮಾರು 20 ಮಂದಿ ಸತ್ತರು. ಏಡಿಗಳು ಏರಿಯನ್ನು ಕೊರೆದವೆಂದು ಮಂತ್ರಿ ಮಹಾಶಯರು ಕಾರಣ ಕೊಟ್ಟರು! ಏಡಿಗೆ ಸಂಬಳವಿಲ್ಲ, ಜವಾಬ್ದಾರಿಯೂ ಇಲ್ಲ. ದೂರು ಕೇಳಿಯೂ ಸುಮ್ಮನಿದ್ದವರಿಗೆ ಎರಡೂ ಇದ್ದುವು.

ಕಾನೂನಿಗೇನೂ ಕೊರತೆಯಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಆ ವರ್ಷದ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. ದೊಡ್ಡ ಅಣೆಕಟ್ಟುಗಳನ್ನು ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷಿಸಬೇಕು. ದುರಸ್ತಿಗೆಂದು ಹಣ ಕಾದಿರಿಸಬೇಕು. ಅಪಾಯ ಬಂದರೆ ಜನರನ್ನು ಪಾರುಮಾಡುವ ಯೋಜನೆ ಸಿದ್ಧವಿರಬೇಕು. ಆದರೆ ಕಾಗದ ಏರಿಯನ್ನು ಕಾಯುವುದಿಲ್ಲ. ನಮ್ಮ ಹಿರಿಯರು ಕೆರೆಗೊಬ್ಬ ನೀರುಗಂಟಿಯನ್ನಿಟ್ಟಿದ್ದು ಸುಮ್ಮನೆ ಅಲ್ಲ. ದಿನವೂ ಏರಿಯ ಮೇಲೆ ನಡೆಯುವವನ ಕಣ್ಣಿಗೆ ಬೀಳುವ ತೇವ, ವರ್ಷಕ್ಕೆರಡು ಸಲ ಜೀಪಿನಲ್ಲಿ ಬರುವವರಿಗೆ ಕಾಣುವುದಿಲ್ಲ.

ಲೆಕ್ಕ ಹೊರಗಿಟ್ಟರೆ ಜನ ಗಾಬರಿಯಾಗುತ್ತಾರೆಂದು ಅಧಿಕಾರಿಗಳು ಹೇಳಬಹುದು. ಬಾಯ್ಲರಿನ ಒತ್ತಡವನ್ನು ಮುಳ್ಳು ನೋಡಿ ಓದುವ ಗಿರಣಿ ಕಾರ್ಮಿಕ ಗಾಬರಿಯಾಗುವುದು ಮುಳ್ಳು ಕಂಡಾಗಲ್ಲ. ಅದನ್ನು ಬಟ್ಟೆ ಹಾಕಿ ಮುಚ್ಚಿದಾಗ.

ಆದುದರಿಂದ ನಮ್ಮ ಬೇಡಿಕೆ ಇಷ್ಟೆ. ಬುಡದ ಚರಂಡಿಯಲ್ಲಿ ದಿನಕ್ಕೆಷ್ಟು ನೀರು ಬರುತ್ತದೆ, ಅದು ತಿಳಿಯೋ ಕದಡೋ ಎಂಬುದನ್ನು ಜಲಾಶಯದ ಮಟ್ಟದ ಜೊತೆಗೆ ಕನ್ನಡದಲ್ಲಿ ಫಲಕದ ಮೇಲೆ ಬರೆಯಲಿ. ಪರೀಕ್ಷೆಯ ವರದಿಯನ್ನು ಕೆಳಗಿನ ಗ್ರಾಮಸಭೆಗಳಲ್ಲಿ ಓದಿ ಹೇಳಲಿ. ಏರಿ ಕಾಯುವ ಕೆಲಸಕ್ಕೆ ಕಾಯಂ ಆಳುಗಳನ್ನು, ಹೊಟ್ಟೆ ತುಂಬುವ ಸಂಬಳ ಕೊಟ್ಟು, ನೇಮಿಸಲಿ. ಬಾಗಿನಕ್ಕೆ ಏರಿ ಹತ್ತುವ ಮಂತ್ರಿಗಳು ಈ ಸಲ ನಾಲ್ಕು ಹೆಜ್ಜೆ ಕೆಳಗಿಳಿದು ಆ ಚರಂಡಿಯನ್ನೂ ನೋಡಿ ಹೋಗಲಿ.