ಸ್ಟೀರಾಯ್ಡ್‌ಗೆ ಮೊದಲು ಮಜ್ಜೆ ನೋಡಿ

ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಇಳಿದಿವೆ ಎಂದು ಲ್ಯಾಬ್ ವರದಿ ಬಂದರೆ ಅದು ರೋಗದ ಹೆಸರಲ್ಲ, ಸುಳಿವು ಮಾತ್ರ. ಬಿ12 ಕೊರತೆಯಿಂದ ಹೀಗಾಗಬಹುದು. ರಕ್ತ ತಯಾರಿಸುವ ಮೂಳೆಮಜ್ಜೆಯೇ ಬತ್ತುವ ಅಪ್ಲಾಸ್ಟಿಕ್ ಅನೀಮಿಯಾದಿಂದಲೂ ಆಗಬಹುದು. ಲ್ಯುಕೇಮಿಯಾದಿಂದಲೂ, ಮಜ್ಜೆಗೆ ಹೊಕ್ಕ ಕ್ಷಯದಿಂದಲೂ ಆಗಬಹುದು. ಮೊದಲನೆಯದಕ್ಕೆ ಕೆಲವು ಇಂಜೆಕ್ಷನ್ ಸಾಕು, ಲ್ಯುಕೇಮಿಯಾ ವಾರಗಳಲ್ಲಿ ಜೀವ ತೆಗೆಯಬಲ್ಲದು. ಇಷ್ಟು ದೂರದ ಕಾಯಿಲೆಗಳನ್ನು ಬೇರ್ಪಡಿಸುವ ಮೊದಲೇ ‘ನೋಡೋಣ’ ಎಂದು ಒಂದು ಸ್ಟೀರಾಯ್ಡ್, ಜೊತೆಗೊಂದು ಬಿ12 ಚುಚ್ಚುವ ರೂಢಿ ಇದೆ. ಟಾನಿಕ್ ಬಾಟಲಿಯಂತೂ ಇದ್ದೇ ಇರುತ್ತದೆ. ಈ ಕ್ರಮ ತಿರುಗಬೇಕು: ಮೊದಲು ಪರೀಕ್ಷೆ, ಆಮೇಲೆ ಔಷಧಿ.

ಇದು ಬರೀ ಶಿಸ್ತಿನ ಮಾತಲ್ಲ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಅದು ಎಷ್ಟೋ ಸಲ ಜ್ವರ, ಕೈಕಾಲಿನ ಮೂಳೆನೋವು, ಕೀಲುನೋವಾಗಿ ಶುರುವಾಗುತ್ತದೆ. ಸಂಧಿವಾತವಿರಬೇಕೆಂದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಮಗು ಚೇತರಿಸಿಕೊಂಡಂತೆಯೇ ಕಾಣುತ್ತದೆ, ಏಕೆಂದರೆ ಆ ಕ್ಯಾನ್ಸರ್‌ನ ಚಿಕಿತ್ಸೆ ಆರಂಭವಾಗುವುದೂ ಅದೇ ಬಗೆಯ ಔಷಧಿಯಿಂದ. ಕ್ಯಾನ್ಸರ್ ಕಣಗಳು ತಾತ್ಕಾಲಿಕವಾಗಿ ಅಡಗುತ್ತವೆ, ಆಗ ತೆಗೆದ ಮಜ್ಜೆ ವೈದ್ಯರ ದಾರಿ ತಪ್ಪಿಸಬಹುದು, ರೋಗ ಮರಳುವಾಗ ಅಮೂಲ್ಯ ವಾರಗಳು ಹೋಗಿರುತ್ತವೆ. ಬಿ12 ಕಥೆಯೂ ಅಷ್ಟೇ. ಇಂಜೆಕ್ಷನ್ ಬಿದ್ದ ಒಂದೆರಡು ದಿನಗಳಲ್ಲೇ ಮಜ್ಜೆಯ ಚಿತ್ರ ಬದಲಾಗತೊಡಗುತ್ತದೆ, ರಕ್ತದಲ್ಲಿನ ಬಿ12 ಮಟ್ಟವೂ ಏರುತ್ತದೆ. ಕೊರತೆ ಇತ್ತೋ ಇಲ್ಲವೋ ಎಂದು ಹೇಳುವ ಸಾಕ್ಷಿಯನ್ನು ಔಷಧಿಯೇ ಅಳಿಸಿರುತ್ತದೆ.

ಮಜ್ಜೆ ಪರೀಕ್ಷೆಗೆ ರೋಗಿಯ ಕಡೆಯವರು ಹಿಂಜರಿಯುವುದು ಭಯದಿಂದ. ಬೆನ್ನುಹುರಿಗೆ ಸೂಜಿ ಚುಚ್ಚುತ್ತಾರೆ, ಕಾಲು ಸ್ವಾಧೀನ ತಪ್ಪುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ರಷ್ಯಾದ ವೈದ್ಯ ಅರಿಂಕಿನ್ 1920ರ ದಶಕದಲ್ಲಿ ಎದೆಮೂಳೆಯಿಂದ ಮಜ್ಜೆ ತೆಗೆಯುವ ಸರಳ ವಿಧಾನ ರೂಪಿಸಿದರು. ಇಂದು ಸಾಮಾನ್ಯವಾಗಿ ತೆಗೆಯುವುದು ಸೊಂಟದ ಹಿಂಬದಿಯ ಮೂಳೆಯಿಂದ. ಬೆನ್ನುಹುರಿ ಅದಕ್ಕಿಂತ ಸಾಕಷ್ಟು ಮೇಲೆಯೇ ಮುಗಿದಿರುತ್ತದೆ. ಬ್ರಿಟನ್‌ನಲ್ಲಿ ಸುಮಾರು 55 ಸಾವಿರ ಪರೀಕ್ಷೆಗಳನ್ನು ಲೆಕ್ಕ ಹಾಕಿದ ಸಮೀಕ್ಷೆಯೊಂದರಲ್ಲಿ ವರದಿಯಾದ ತೊಂದರೆಗಳು 26. ರಕ್ತಸ್ರಾವವೇ ಅವುಗಳಲ್ಲಿ ಮುಖ್ಯ, ಹಾಗಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ತಿಳಿಸಬೇಕು. ನೋವೇ ಇಲ್ಲ ಎಂದು ವೈದ್ಯರು ಹೇಳುವುದು ಮಾತ್ರ ಸರಿಯಲ್ಲ. ಮರಗಟ್ಟಿಸುವ ಇಂಜೆಕ್ಷನ್ ಚರ್ಮ ಮತ್ತು ಮೂಳೆಯ ಹೊದಿಕೆಗೆ ನಾಟುತ್ತದೆ. ಆದರೂ ಸಿರಿಂಜಿನಿಂದ ಮಜ್ಜೆ ಎಳೆಯುವ ಕೆಲವು ಕ್ಷಣ ನೋಯುತ್ತದೆ. ಮುಂಚೆಯೇ ಹೇಳಿದರೆ ಜನ ತಡೆದುಕೊಳ್ಳುತ್ತಾರೆ.

ಈಗ ರಕ್ತದಿಂದಲೇ ಎಲ್ಲ ಗೊತ್ತಾಗುತ್ತದಲ್ಲ ಎನ್ನುವವರಿದ್ದಾರೆ. ಅರ್ಧ ನಿಜ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾದ ಜೀನ್ ದೋಷ ರಕ್ತದಲ್ಲೇ ಸಿಗುತ್ತದೆ. ಪ್ಲೇಟ್‌ಲೆಟ್ ಒಂದೇ ಕುಸಿದು ಉಳಿದದ್ದೆಲ್ಲ ಸರಿಯಿದ್ದರೆ ಸಾಮಾನ್ಯವಾಗಿ ಮಜ್ಜೆ ಬೇಕಿಲ್ಲ. ಸೂಜಿ ಎತ್ತಿಕೊಳ್ಳುವ ಮೊದಲು ರಕ್ತದ ಸ್ಮಿಯರ್ ಅನ್ನು, ಅಂದರೆ ಸ್ಲೈಡ್ ಮೇಲೆ ಬಳಿದ ರಕ್ತವನ್ನು, ಅನುಭವಿ ಕಣ್ಣು ನೋಡಲೇಬೇಕು. ಆದರೆ ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಮಜ್ಜೆ ಎಷ್ಟು ಖಾಲಿಯಾಗಿದೆ ಎಂಬುದು ಮೂಳೆಯ ಸಣ್ಣ ತುಣುಕಿನಲ್ಲಿ ಮಾತ್ರ ತಿಳಿಯುತ್ತದೆ. ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಖಚಿತಪಡಿಸಲು ಅಲ್ಲಿ ಪ್ಲಾಸ್ಮಾ ಕಣಗಳು ಶೇ. 10 ಮುಟ್ಟಿವೆಯೇ ಎಂದು ನೋಡುತ್ತಾರೆ. ರಕ್ತದ ಹನಿ ಅದನ್ನು ಹೇಳದು.

ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತರೋಗ ತಜ್ಞರಿಲ್ಲ, ಎದುರಿಗಿರುವ ರೋಗಿ ಕಾಯಲಾರ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಹಿಮೋಗ್ಲೋಬಿನ್ ಪಾತಾಳಕ್ಕಿಳಿದವರಿಗೆ ರಕ್ತ ಏರಿಸಲೇಬೇಕು, ಯಾರೂ ಬೇಡವೆನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಎರಡು ಟ್ಯೂಬ್ ರಕ್ತ ತೆಗೆದಿಟ್ಟು, ಎರಡು ಸ್ಲೈಡ್ ಬಳಿಯಲು ತಜ್ಞರು ಬೇಕಿಲ್ಲ, ಐದು ನಿಮಿಷ ಸಾಕು. ಸ್ಟೀರಾಯ್ಡ್ ಕೊಡಲೇಬೇಕಾಗಿ ಬಂದಿದ್ದರೆ ಯಾವುದು, ಎಷ್ಟು, ಯಾವ ದಿನದಿಂದ ಎಂದು ಮೆಡಿಕಲ್ ಕಾಲೇಜಿಗೆ ಕಳುಹಿಸುವ ರೆಫರಲ್ ಚೀಟಿಯಲ್ಲಿ ಬರೆಯಲಿ.