ಕೆಲಸ ಬಿಡದೆ ಚಂದ್ರನ ಮೇಲೆ ಕೆಲಸ

‘ಐಟಿ ಬಿಟ್ಟು ಸ್ಪೇಸ್ ಕಡೆ ಹೋಗ್ಬೇಕು ಅನ್ಸುತ್ತೆ.’

ಚಂದ್ರಯಾನ-3 ಇಳಿದ 2023ರ ಆಗಸ್ಟ್ 23ರ ಸಂಜೆಯಿಂದ ಈ ಮಾತನ್ನ ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಅಪ್ರೈಸಲ್ ಹತ್ತಿರ ಬಂದಾಗ ಸ್ವಲ್ಪ ಜಾಸ್ತಿನೇ ಕೇಳಿಸುತ್ತೆ. ಹಾಗಂತ ಯಾರೂ ತಮಾಷೆಗೆ ಹೇಳೋದಲ್ಲ. ಹೈಸ್ಕೂಲಿನಲ್ಲಿ ಥರ್ಮಾಕೋಲ್ ಗ್ರಹಗಳಿಗೆ ಬಣ್ಣ ಬಳಿದು ಪ್ರೈಜ್ ತಗೊಂಡವರು, ಈಗ ಮೂವತ್ತರ ಆಸುಪಾಸಿನಲ್ಲಿ ಯಾವುದೋ ದೇಶದ ಬ್ಯಾಂಕಿನ ಪೇಮೆಂಟ್ ಪೇಜ್ ರಿಪೇರಿ ಮಾಡ್ತಾ ಕೂತಿರುತ್ತಾರೆ. ಅವರಿಗೆಲ್ಲ ನಾನು ಕೊಡೋ ಉತ್ತರ ಒಂದೇ. ರಾಜೀನಾಮೆ ಆಮೇಲೆ ನೋಡೋಣ, ಮೊದಲು ಡೇಟಾ ಡೌನ್‌ಲೋಡ್ ಮಾಡ್ಕೊಳ್ಳಿ.

ಯಾವ ಡೇಟಾ? ಬಿಡದಿ ಅಂದ್ರೆ ನಮಗೆಲ್ಲ ತಟ್ಟೆ ಇಡ್ಲಿ ಮತ್ತು ವಂಡರ್‌ಲಾ ನೆನಪಾಗುತ್ತೆ. ಆ ಕಡೆಯೇ, ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಬ್ಯಾಲಾಳು ಅಂತ ಒಂದು ಹಳ್ಳಿ ಇದೆ. ಇಸ್ರೋದ 32 ಮೀಟರ್ ಅಗಲದ ದೊಡ್ಡ ಆಂಟೆನಾ ಇರೋದು ಅಲ್ಲೇ. ಚಂದ್ರನಿಂದ, ಮಂಗಳದಿಂದ ಬರುವ ಕ್ಷೀಣ ಸಿಗ್ನಲ್ ಹಿಡಿಯುವ ಬೋಗುಣಿ ಅದು. ಅದೇ ಆವರಣದಲ್ಲಿ ಬಾಹ್ಯಾಕಾಶ ವಿಜ್ಞಾನದ ಡೇಟಾ ಕೇಂದ್ರವೂ ಇದೆ. ಅವರ ‘ಪ್ರದಾನ್’ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಚಂದ್ರಯಾನ-2ರ ಡೇಟಾ ಸಿಗುತ್ತೆ, 2020ರ ಡಿಸೆಂಬರ್‌ನಿಂದ ಹಂತಹಂತವಾಗಿ ತೆರೆದಿದ್ದಾರೆ. ಚಂದ್ರಯಾನ-3ರದ್ದು 2024ರ ಆಗಸ್ಟ್ 23ರಂದು, ಮೊದಲ ರಾಷ್ಟ್ರೀಯ ಬಾಹ್ಯಾಕಾಶ ದಿನಕ್ಕೆ ಬಿಡುಗಡೆಯಾಯಿತು. ಚಂದ್ರಯಾನ-2ರ ಹೈ ರೆಸಲ್ಯೂಷನ್ ಕ್ಯಾಮೆರಾದ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದ್ರೆ ನೆಲದ ಮೇಲೆ ಸುಮಾರು ಕಾಲು ಮೀಟರ್. ಚಂದ್ರನ ಮೇಲಿನ ಒಂದು ಕಲ್ಲುಬಂಡೆಯ ನೆರಳನ್ನ ನೀವು ಬಿಟಿಎಂ ಲೇಔಟ್‌ನ ಪಿಜಿ ರೂಮಿನಲ್ಲಿ ಕೂತು ಅಳೀಬಹುದು.

‘ಅಳೆದು ಏನ್ ಮಾಡೋದು, ದೊಡ್ಡ ದೊಡ್ಡ ವಿಜ್ಞಾನಿಗಳು ನೋಡಿ ಬಿಟ್ಟಿರೋದೇ ತಾನೇ?’ ಈ ಪ್ರಶ್ನೆ ಬಂದಾಗೆಲ್ಲ ನಾನು ಷಣ್ಮುಗ ಸುಬ್ರಮಣಿಯನ್ ಕಥೆ ಹೇಳ್ತೀನಿ. ಪೇಪರಿನಲ್ಲಿ ಹೆಡ್‌ಲೈನ್ ಓದಿರ್ತೀರಿ. ಆದರೆ ಅದರೊಳಗಿನ ಕೆಲಸ ಯಾವ ಥರದ್ದು ಅನ್ನೋದೇ ಮುಖ್ಯ.

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಸಂಪರ್ಕ ಕಳಕೊಂಡಿತು. ನಾಸಾದ ಎಲ್‌ಆರ್‌ಓ ಅನ್ನೋ ಉಪಗ್ರಹ 2009ರಿಂದ ಚಂದ್ರನ ಸುತ್ತ ತಿರುಗ್ತಾ ಫೋಟೋ ತೆಗೀತಾನೇ ಇದೆ. ಅದು ಸೆಪ್ಟೆಂಬರ್ 17ರಂದು ಆ ಜಾಗದ ಮೇಲೆ ಹಾದುಹೋಯಿತು. ಆದರೆ ಅಲ್ಲಿ ಆಗ ಸಂಜೆ ಬಿಸಿಲು, ನೆರಳು ಉದ್ದುದ್ದ ಬಿದ್ದಿತ್ತು, ನಾಸಾ ತಂಡಕ್ಕೆ ಲ್ಯಾಂಡರ್ ಕಾಣಲಿಲ್ಲ. ಚಿತ್ರವನ್ನ ಸೆಪ್ಟೆಂಬರ್ 26ಕ್ಕೆ ಎಲ್ಲರಿಗೂ ಬಿಟ್ಟರು. ಚೆನ್ನೈನ ಷಣ್ಮುಗ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಹೊಟ್ಟೆಪಾಡು ಆ್ಯಪ್ ಬರೆಯೋದು. ಅಂದ್ರೆ ನಮ್ಮಂಥವರೇ. ಅವರು ಆ ಜಾಗದ ಹಳೇ ಚಿತ್ರ ಒಂದು ಕಡೆ, ಹೊಸ ಚಿತ್ರ ಇನ್ನೊಂದು ಕಡೆ ಇಟ್ಟುಕೊಂಡು ಹುಡುಕಿದರು. ಹಳೇದರಲ್ಲಿ ಇಲ್ಲದ, ಹೊಸದರಲ್ಲಿ ಇರುವ ಒಂದು ಸಣ್ಣ ಬಿಳಿ ಚುಕ್ಕೆ ಸಿಕ್ಕಿತು. ಅಕ್ಟೋಬರ್ 3ರಂದು ನಾಸಾಕ್ಕೆ ಬರೆದರು.

ಅಲ್ಲಿಂದ ಎರಡು ತಿಂಗಳು. ನಾಸಾ ತಂಡ ಅಕ್ಟೋಬರ್‌ನಲ್ಲೂ ನವೆಂಬರ್‌ನಲ್ಲೂ ಒಳ್ಳೆ ಬೆಳಕಿನಲ್ಲಿ ಮತ್ತೆ ಚಿತ್ರ ತೆಗೆದು, ಹೋಲಿಸಿ, ಡಿಸೆಂಬರ್ 2ಕ್ಕೆ ಪ್ರಕಟಿಸಿತು: ಅದು ವಿಕ್ರಮ್‌ನ ಅವಶೇಷವೇ ಹೌದು, ಮುಖ್ಯ ಅಪಘಾತದ ಜಾಗದಿಂದ ವಾಯವ್ಯಕ್ಕೆ ಸುಮಾರು 750 ಮೀಟರ್ ದೂರದಲ್ಲಿ ಬಿದ್ದಿದೆ ಅಂತ. ನವೆಂಬರ್‌ನ ಆ ಚಿತ್ರದಲ್ಲೂ ಒಂದು ಪಿಕ್ಸೆಲ್ ಅಂದ್ರೆ 0.7 ಮೀಟರ್. ನಕ್ಷೆಯ ಮೇಲೆ ಆ ತುಣುಕಿಗೆ ‘ಎಸ್’ ಅಂತ ಗುರುತು ಹಾಕಿದ್ದಾರೆ, ಅವರ ಹೆಸರಿನ ಎಸ್.

ಇದನ್ನ ಗಮನಿಸಿ: ಇಲ್ಲಿ ಸೂಪರ್ ಕಂಪ್ಯೂಟರ್ ಇಲ್ಲ, ಎಐ ಇಲ್ಲ, ಪಿಎಚ್‌ಡಿ ಇಲ್ಲ. ನಾವು ಆಫೀಸಿನಲ್ಲಿ ದಿನಾ ಮಾಡೋ ‘ಡಿಫ್’ ಇದೆ. ಎರಡು ವರ್ಷನ್ ಪಕ್ಕಪಕ್ಕ ಇಟ್ಟು ಏನು ಬದಲಾಗಿದೆ ಅಂತ ನೋಡೋದು. ಜೊತೆಗೆ ಒಂದು ಗಟ್ಟಿ ಪ್ರಶ್ನೆ ಇತ್ತು, ‘ವಿಕ್ರಮ್ ಎಲ್ಲಿ?’ ನಾಸಾ ಬಳಿ ಡೇಟಾ ಬೇಕಾದಷ್ಟಿತ್ತು. ಒಂದೇ ಜಾಗವನ್ನ ಅಷ್ಟು ಹೊತ್ತು ಬಿಡದೆ ನೋಡುವ ಕಣ್ಣು ಸಿಕ್ಕಿದ್ದು ಚೆನ್ನೈನಲ್ಲಿ.

ಹಳೇ ಡೇಟಾ ಅಂತ ಮೂಗು ಮುರಿಯೋರೂ ಇದ್ದಾರೆ. ಚಂದ್ರಯಾನ-1 ನಮ್ಮ ಸಂಪರ್ಕ ಕಡಿದುಕೊಂಡಿದ್ದು 2009ರ ಆಗಸ್ಟ್‌ನಲ್ಲಿ. ಅದರಲ್ಲಿದ್ದ ನಾಸಾದ ‘ಎಂ-ಕ್ಯೂಬ್’ ಉಪಕರಣದ ಡೇಟಾ ಬಳಸಿ, ಚಂದ್ರನ ಧ್ರುವಗಳ ನೆರಳಿನಲ್ಲಿ ಮೇಲ್ಮೈ ಮೇಲೇ ಮಂಜುಗಡ್ಡೆ ಇದೆ ಅಂತ ನೇರ ಪುರಾವೆ ಪ್ರಕಟವಾಗಿದ್ದು 2018ರಲ್ಲಿ. ನೌಕೆ ಸುಮ್ಮನಾಗಿ ಒಂಬತ್ತು ವರ್ಷದ ಮೇಲೆ!

ಇನ್ನೊಂದು ಮಾತು, ಸ್ವಲ್ಪ ಕಹಿ. ‘ಕ್ಷುದ್ರಗ್ರಹ ಪತ್ತೆ ಮಾಡಿದ ವಿದ್ಯಾರ್ಥಿಗೆ ಸನ್ಮಾನ’ ಅನ್ನೋ ಸುದ್ದಿ ಆಗಾಗ ಬರುತ್ತಲ್ಲ, ಅಲ್ಲಿ ಸಾಮಾನ್ಯವಾಗಿ ಆಗಿರೋದು ಪ್ರಾಥಮಿಕ ಗುರುತಿಸುವಿಕೆ ಮಾತ್ರ. ಅದರ ಕಕ್ಷೆ ಖಚಿತವಾಗಿ, ಅಧಿಕೃತ ಸಂಖ್ಯೆ ಸಿಗೋಕೆ ಎಷ್ಟೋ ವರ್ಷ ಹಿಡಿಯುತ್ತೆ, ಎಷ್ಟೋ ಗುರುತುಗಳು ಮಧ್ಯದಲ್ಲೇ ಬಿದ್ದುಹೋಗುತ್ತವೆ. ಮಕ್ಕಳು ಮಾಡೋ ಕೆಲಸ ನಿಜವಾದದ್ದೇ, ಒಳ್ಳೇದೇ. ಸರ್ಟಿಫಿಕೇಟಿಗೆ ದುಡ್ಡು ಕೇಳೋ ಮಧ್ಯವರ್ತಿಗಳು ಕಂಡರೆ ಮಾತ್ರ ದೂರ ಇರಿ.

ಚಿತ್ರ ನೋಡೋದು ಬೋರ್ ಅನ್ನೋ ಕೋಡಿಂಗ್ ಮಂದಿಗೆ ಬೇರೆ ಬಾಗಿಲಿದೆ. ಗ್ರಹಗಳ ಡೇಟಾಗೆ ಪಿಡಿಎಸ್-4 ಅನ್ನೋ ಸ್ಟ್ಯಾಂಡರ್ಡ್ ಇದೆ. ಪ್ರತಿ ಫೈಲಿಗೂ ಜೊತೆಯಲ್ಲೊಂದು ಎಕ್ಸ್‌ಎಂಎಲ್ ಲೇಬಲ್. ಯಾವ ಕ್ಯಾಮೆರಾ, ಯಾವ ಹೊತ್ತು, ಎಷ್ಟು ಸಾಲು ಎಲ್ಲ ಅದರಲ್ಲಿರುತ್ತೆ. ಎಕ್ಸ್‌ಎಂಎಲ್ ಅಂದ ತಕ್ಷಣ ಮುಖ ಸಿಂಡರಿಸಬೇಡಿ, ಅದನ್ನ ಪಾರ್ಸ್ ಮಾಡೋಕೆ ಬರೋದೇ ಇಲ್ಲಿ ನಿಮ್ಮ ಬಂಡವಾಳ. ಆ ಕ್ಷಣದಲ್ಲಿ ನೌಕೆ ಎಲ್ಲಿತ್ತು, ಯಾವ ಕಡೆ ಮುಖ ಮಾಡಿತ್ತು ಅಂತ ಲೆಕ್ಕ ಹಾಕೋಕೆ ನಾಸಾದ ‘ಸ್ಪೈಸ್’ ಇದೆ, ಅದನ್ನ ಪೈಥಾನ್‌ನಿಂದ ಕರೆಯೋಕೆ ‘ಸ್ಪೈಸಿಪೈ’. ಚಿತ್ರಗಳನ್ನ ನಕ್ಷೆಯಾಗಿ ಹೊಂದಿಸೋಕೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರ ‘ಐಸಿಸ್’. ಮೂರೂ ಉಚಿತ. ಸ್ಪೈಸಿಪೈ ಮತ್ತು ಐಸಿಸ್‌ನ ಕೋಡ್ ಗಿಟ್‌ಹಬ್‌ನಲ್ಲೇ ತೆರೆದಿದೆ, ಇಶ್ಯೂಗಳ ಪಟ್ಟಿಯೂ ಇದೆ. ವಿಜ್ಞಾನಿಗಳು ಅವಸರದಲ್ಲಿ ಬರೆದ ಕೋಡಿಗೆ ಟೆಸ್ಟ್ ಬರೆದುಕೊಡೋರು, ಡಾಕ್ಯುಮೆಂಟೇಷನ್ ತಿದ್ದೋರು ಯಾವತ್ತೂ ಕಮ್ಮಿಯೇ.

ಗುರುಗ್ರಹದ ‘ಜೂನೋ’ ನೌಕೆಯಲ್ಲಂತೂ ಒಂದು ಕ್ಯಾಮೆರಾವನ್ನ ಜನಸಾಮಾನ್ಯರಿಗಾಗಿಯೇ ಇಟ್ಟಿದ್ದಾರೆ. 2016ರಿಂದ ಕಚ್ಚಾ ಚಿತ್ರಗಳು ಹಾಗೇ ಹೊರಬರುತ್ತವೆ. ನಾವು ವಾಲ್‌ಪೇಪರ್ ಮಾಡ್ಕೊಂಡಿರೋ ನೀಲಿ ಸುಳಿಗಳ ಗುರುಗ್ರಹವನ್ನ ಹಾಗೆ ಕಾಣಿಸಿದ್ದು ಬಹುಪಾಲು ಹವ್ಯಾಸಿಗಳೇ. ಅವರಲ್ಲಿ ಜರ್ಮನಿಯ ಗಣಿತಜ್ಞ ಗೆರಾಲ್ಡ್ ಐಷ್ಟೆಟ್ ಮುಂದೆ ಸಂಶೋಧನಾ ಪ್ರಬಂಧಗಳಲ್ಲೂ ಸಹಲೇಖಕರಾದರು.

ಸರಿ, ಇಷ್ಟಾದ ಮೇಲೂ ‘ಇಲ್ಲ, ಪೂರ್ತಿ ಅದೇ ಕೆಲಸ ಮಾಡ್ಬೇಕು’ ಅನ್ನೋರಿಗೆ? ದಾರಿ ಇದೆ, ಲೆಕ್ಕನೂ ಇದೆ. ನಮ್ಮಲ್ಲಿ ಈ ವಿಷಯಕ್ಕೆ ಮೊದಲು ಹೇಳಬೇಕಾದ ಹೆಸರು ಅಹಮದಾಬಾದಿನ ಪಿಆರ್‌ಎಲ್, ವಿಕ್ರಮ್ ಸಾರಾಭಾಯಿ 1947ರಲ್ಲಿ ಕಟ್ಟಿದ ಸಂಸ್ಥೆ. ಪ್ರಜ್ಞಾನ್ ರೋವರ್ 103 ಮೀಟರ್ ದಾರಿಯಲ್ಲಿ 23 ಕಡೆ ಮಣ್ಣಿನ ಧಾತುಗಳನ್ನ ಅಳೆಯಿತಲ್ಲ, ಆ ಉಪಕರಣ ಅವರದ್ದೇ. ಅದರ ಪ್ರಬಂಧ 2024ರ ಆಗಸ್ಟ್‌ನಲ್ಲಿ ‘ನೇಚರ್’ನಲ್ಲಿ ಬಂತು. ಇಂಥ ಕಡೆ ಪಿಎಚ್‌ಡಿಗೆ ನೆಟ್ ಅಥವಾ ಗೇಟ್‌ನಂಥ ಪರೀಕ್ಷೆ, ಆಮೇಲೆ ಸಂದರ್ಶನ. ಜೂನಿಯರ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ನಿಮ್ಮ ಹೋಮ್ ಲೋನ್ ಕಂತು ಎಷ್ಟು, ಒಮ್ಮೆ ನೋಡ್ಕೊಳ್ಳಿ.

ನನ್ನ ಕಾಲೇಜು ಗೆಳತಿಯೊಬ್ಬಳು 29ಕ್ಕೆ ಹೀಗೇ ಹೊರಟಳು. ಗಣಿತ ಕಷ್ಟ ಆಗ್ಲಿಲ್ಲ ಕಣೋ, ಪ್ರತಿ ತಿಂಗಳು ಬರ್ತಿದ್ದ ಗೃಹಪ್ರವೇಶದ ಇನ್ವಿಟೇಷನ್ ಕಷ್ಟ ಆಯ್ತು ಅಂತಾಳೆ. ಅವಳ ಅಮ್ಮ ಇವತ್ತಿಗೂ ನೆಂಟರ ಮುಂದೆ ‘ಇಸ್ರೋದಲ್ಲಿದ್ದಾಳೆ’ ಅಂತಲೇ ಹೇಳೋದು, ತಿದ್ದಿ ಸಾಕಾಗಿದೆ. ಆದರೆ ಹೊರಡೋ ಮುಂಚೆ ಅವಳು ಒಂದು ವರ್ಷ ಶನಿವಾರ ಶನಿವಾರ ಚಂದ್ರಯಾನ-2ರ ಚಿತ್ರಗಳ ಮೇಲೆ ಕೆಲಸ ಮಾಡಿದ್ದಳು. ಸಂದರ್ಶನದಲ್ಲಿ ತೋರಿಸೋಕೆ ಎರಡು ಪುಟದ ಟಿಪ್ಪಣಿ ಇತ್ತು. ಅದರ ಬಗ್ಗೆಯೇ ಅರ್ಧ ಗಂಟೆ ಮಾತಾಡಿಸಿದರಂತೆ. ಅದೇ ಒಂದು ವರ್ಷದಲ್ಲಿ ಅವಳ ಜೊತೆ ಶುರು ಮಾಡಿದ ಇನ್ನೊಬ್ಬನಿಗೆ, ಇದು ನನಗೆ ಹವ್ಯಾಸವಾಗೇ ಚೆನ್ನ ಅಂತ ಗೊತ್ತಾಯ್ತು. ಅದೂ ಲಾಭವೇ.

ಹೊರದೇಶದ ಕನಸಿಗೂ ಸ್ವಲ್ಪ ತಣ್ಣೀರು. 2024ರ ಫೆಬ್ರವರಿಯಲ್ಲಿ ನಾಸಾದ ಜೆಪಿಎಲ್ ಸುಮಾರು 530 ಜನರನ್ನ ಒಂದೇ ಸಲಕ್ಕೆ ಮನೆಗೆ ಕಳಿಸಿತು. 2025ರಲ್ಲಿ ನಾಸಾದ ವಿಜ್ಞಾನ ಬಜೆಟ್ಟನ್ನ ಹತ್ತಿರಹತ್ತಿರ ಅರ್ಧಕ್ಕೆ ಇಳಿಸೋ ಪ್ರಸ್ತಾಪವನ್ನ ಅಲ್ಲಿನ ಸರ್ಕಾರವೇ ಮುಂದಿಟ್ಟಿತು. ಲೇಆಫ್ ನಮ್ಮ ಐಟಿಗೆ ಮಾತ್ರ ಅಂದ್ಕೊಂಡಿದ್ವಿ! ನಮ್ಮ ಕಡೆ ಗಾಳಿ ಸದ್ಯಕ್ಕೆ ಬೇರೆ ದಿಕ್ಕಿಗೆ ಬೀಸ್ತಿದೆ. ಚಂದ್ರನ ಮಣ್ಣು ತರುವ ಚಂದ್ರಯಾನ-4ಕ್ಕೂ ಶುಕ್ರಗ್ರಹದ ನೌಕೆಗೂ 2024ರ ಸೆಪ್ಟೆಂಬರ್ 18ರಂದು ಒಂದೇ ದಿನ ಸಂಪುಟ ಒಪ್ಪಿಗೆ ಕೊಟ್ಟಿದೆ. ಶುಕ್ರಯಾನಕ್ಕೆ ಇಟ್ಟಿರೋ ಗುರಿ 2028ರ ಮಾರ್ಚ್. ಅವೆರಡೂ ಕಳಿಸೋ ಡೇಟಾ ನೋಡೋಕೆ ಜನ ಬೇಕಲ್ವಾ?

ಶುರು ಎಲ್ಲಿಂದ ಅಂತ ಕೇಳೋರಿಗೆ: ಅಮೆರಿಕದ ಟೆಕ್ಸಸ್‌ನಲ್ಲಿ ಪ್ರತಿ ಮಾರ್ಚ್ ನಡೆಯೋ ಚಂದ್ರ ಮತ್ತು ಗ್ರಹವಿಜ್ಞಾನ ಸಮ್ಮೇಳನದ ಸಾರಾಂಶಗಳು ಉಚಿತವಾಗಿ ಓದೋಕೆ ಸಿಗುತ್ತವೆ. ಒಂದೊಂದೂ ಎರಡೇ ಪುಟ, ಮೆಟ್ರೋದಲ್ಲಿ ಮೆಜೆಸ್ಟಿಕ್ ಬರೋದ್ರೊಳಗೆ ಒಂದು ಮುಗಿಯುತ್ತೆ. ಹತ್ತು ಓದಿದ ಮೇಲೆ ಒಂದರಲ್ಲಾದ್ರೂ ‘ಇದನ್ನ ಬೇರೆ ಕುಳಿಯಲ್ಲಿ ನೋಡಿದ್ದಾರಾ?’ ಅನ್ನೋ ಪ್ರಶ್ನೆ ಹುಟ್ಟುತ್ತೆ. ಆ ಕುಳಿಯ ಚಿತ್ರ ಪ್ರದಾನ್‌ನಲ್ಲಿ ಹುಡುಕಿ, ಅಳೆದು, ಸಾರಾಂಶ ಬರೆದವರಿಗೇ ಬರೆಯಿರಿ. ಪತ್ರದಲ್ಲಿ ನಿಮ್ಮ ಬಾಲ್ಯದ ಕನಸು ಬೇಡ, ರೆಸ್ಯೂಮೆಯೂ ಬೇಡ. ಚಿತ್ರದ ಹೆಸರು, ಅಕ್ಷಾಂಶ, ರೇಖಾಂಶ, ನಿಮಗೆ ಕಂಡಿದ್ದು, ಕೊನೆಗೆ ಒಂದು ಪ್ರಶ್ನೆ. ಉತ್ತರ ಎರಡು ತಿಂಗಳಾದರೂ ಬರದಿದ್ದರೆ, ವಿನಯದಿಂದ ಇನ್ನೊಂದು ಸಲ ಕಳಿಸಿ.